ಗಾಜಿಗೂ ಬೋರ್ಡಿಗೂ ನಡುವಿನ ಕಪ್ಪು ಬಿಳಿ ಪಟ್ಟಿ

ಮಹಿಳಾ ವಿಭಾಗದ ಅರಸಿನ ಕುಂಕುಮ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ



ನನಗೆ ಕೊಟ್ಟಿರುವ ವಿಷಯ ‘ಮನೆಯೊಳಗಿನ ವಿಜ್ಞಾನ’. ವಿಷಯ ಬಹಳ ದೊಡ್ಡದು, ಸಮಯ ಅರ್ಧ ಗಂಟೆ, ಅದರ ನಂತರ ಊಟ. ಹಾಗಾಗಿ ಮನೆಯಲ್ಲಿರುವ ಎಲ್ಲ ವಿಜ್ಞಾನವನ್ನೂ ಬಿಟ್ಟು ಒಂದೇ ಒಂದು ವಸ್ತುವಿನ ಬಗ್ಗೆ ಮಾತನಾಡುತ್ತೇನೆ. ಅದು ಬೆಂಕಿಕಡ್ಡಿಯಷ್ಟು ಉದ್ದ, ಅದಕ್ಕಿಂತ ಸ್ವಲ್ಪ ದಪ್ಪ ಇರುವ ಒಂದು ರಬ್ಬರ್ ಪಟ್ಟಿ. ಈ ಸಣ್ಣ ಡಬ್ಬಿಯಲ್ಲಿ ನಾಲ್ಕು ಪಟ್ಟಿಗಳಿವೆ, ಜೊತೆಗೆ ಒಂದು ಭೂತಗನ್ನಡಿಯೂ ಇದೆ. ಮುಂದಿನ ಸಾಲಿನವರು ನೋಡಿ ಹಿಂದಕ್ಕೆ ದಾಟಿಸಿ. ಬರಿಗಣ್ಣಿಗೆ ಅದು ಬೂದು ಬಣ್ಣದ ರಬ್ಬರ್ ತುಂಡಿನಂತೆ ಕಾಣುತ್ತದೆ. ಭೂತಗನ್ನಡಿ ಹಿಡಿದರೆ ಕಪ್ಪು ಗೆರೆ, ಬಿಳಿ ಗೆರೆ, ಕಪ್ಪು ಗೆರೆ, ಬಿಳಿ ಗೆರೆ. ಅದಕ್ಕೇ ನಮ್ಮ ಕೆಲಸದ ಜಾಗದಲ್ಲಿ ಅದನ್ನು ‘ಝೀಬ್ರಾ’ ಎನ್ನುತ್ತಾರೆ. ಅದು ನಿಜಕ್ಕೂ ಒಂದು ಕಂಪನಿಯ ಮಾರಾಟದ ಹೆಸರು. ನಾವು ಎಲ್ಲ ವನಸ್ಪತಿಯನ್ನೂ ಡಾಲ್ಡಾ ಎಂದ ಹಾಗೆ ಎಲ್ಲ ಪಟ್ಟಿಗೂ ಆ ಹೆಸರೇ ಅಂಟಿಕೊಂಡಿದೆ.

ಇದು ನಿಮ್ಮ ಮನೆಯಲ್ಲಿ ಎಲ್ಲಿದೆ ಎಂದು ಕೇಳಬಹುದು. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರಿನಲ್ಲಿ, ಬಿಪಿ ಮೆಷಿನ್ನಿನಲ್ಲಿ, ಸಕ್ಕರೆ ನೋಡುವ ಗ್ಲುಕೋಮೀಟರಿನಲ್ಲಿ, ಕ್ಯಾಲ್ಕುಲೇಟರಿನಲ್ಲಿ, ಅಡುಗೆಮನೆಯ ತೂಕದ ಯಂತ್ರದಲ್ಲಿ, ಮೇಜಿನ ಮೇಲಿನ ಅಲಾರಾಂ ಗಡಿಯಾರದಲ್ಲಿ. ಬೂದು ಹಿನ್ನೆಲೆಯ ಮೇಲೆ ಕಪ್ಪು ಅಂಕೆ ಮೂಡುವ ಸಣ್ಣ ಪರದೆ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಬಹಳ ಮಟ್ಟಿಗೆ ಇದೇ ಪಟ್ಟಿ ಇರುತ್ತದೆ. ಕೆಲವದರಲ್ಲಿ ಇದರ ಬದಲು ಲೋಹದ ಸಣ್ಣ ಕಾಲುಗಳಿರುತ್ತವೆ, ಕೆಲವದರಲ್ಲಿ ಬಿಸಿ ಮಾಡಿ ಅಂಟಿಸಿದ ತೆಳು ಪ್ಲಾಸ್ಟಿಕ್ ರಿಬ್ಬನ್ ಇರುತ್ತದೆ. ಆದರೆ ಬಿಚ್ಚಿ ನೋಡಿದಾಗ ನನ್ನ ಕೈಗೆ ಹೆಚ್ಚು ಸಿಕ್ಕಿರುವುದು ಈ ರಬ್ಬರ್ ಪಟ್ಟಿಯೇ.

ಅದರ ಕೆಲಸ ಏನು? ಅಂಕೆ ಮೂಡುವುದು ಗಾಜಿನ ಮೇಲೆ. ಲೆಕ್ಕ ಮಾಡುವುದು ಹಸಿರು ಬೋರ್ಡು. ಬೋರ್ಡಿನಿಂದ ಗಾಜಿಗೆ ಸುದ್ದಿ ಹೋಗಬೇಕು. ಬೇರೆ ಕಡೆ ಆಗಿದ್ದರೆ ತಂತಿ ಇಟ್ಟು ಬೆಸುಗೆ ಹಾಕುತ್ತಿದ್ದರು. ಗಾಜಿಗೆ ಬೆಸುಗೆ ಹಿಡಿಯುವುದಿಲ್ಲ. ಆ ಗಾಜಿನ ಮೇಲೆ ಇಂಡಿಯಂ ಮತ್ತು ತವರದ ಆಕ್ಸೈಡಿನ ಒಂದು ಲೇಪವಿದೆ. ವಿದ್ಯುತ್ ಹರಿಸುತ್ತದೆ, ಆದರೆ ಕಣ್ಣಿಗೆ ಕಾಣದಷ್ಟು ತೆಳು. ಅದರ ಮೇಲೆ ಬಿಸಿ ಕಬ್ಬಿಣ ಇಟ್ಟರೆ ಮುಗಿಯಿತು. ಹಾಗಾಗಿ ಬೆಸುಗೆ ಇಲ್ಲದೆ, ಅಂಟಿಲ್ಲದೆ, ಬರೀ ಒತ್ತಡದಿಂದ ಎರಡನ್ನೂ ಜೋಡಿಸಬೇಕು. ಆ ಜಾಗದಲ್ಲಿ ಈ ಮೆತ್ತನೆಯ ಪಟ್ಟಿ ಬಂತು. ಕೆಳಗೆ ಬೋರ್ಡು, ಮೇಲೆ ಗಾಜು, ನಡುವೆ ರಬ್ಬರ್. ಮೇಲಿನಿಂದ ಒಂದು ಚೌಕಟ್ಟು ಇಟ್ಟು ಸ್ಕ್ರೂ ಬಿಗಿದರೆ ರಬ್ಬರ್ ಸ್ವಲ್ಪ ಅಮುಕಿಕೊಂಡು ಎರಡನ್ನೂ ಮುಟ್ಟುತ್ತದೆ.

ಇದನ್ನು ಮಾಡುವ ವಿಧಾನ ನಮ್ಮ ಊರಿನ ಹೆಂಗಸರಿಗೆ ವಿವರಿಸುವುದು ಬಹಳ ಸುಲಭ. ಪತ್ರೊಡೆ ಮಾಡುತ್ತೇವಲ್ಲ? ಕೆಸುವಿನ ಎಲೆ, ಅದರ ಮೇಲೆ ಹಿಟ್ಟು, ಮತ್ತೆ ಎಲೆ, ಮತ್ತೆ ಹಿಟ್ಟು. ಸುರುಳಿ ಸುತ್ತುವುದನ್ನು ಮಾತ್ರ ಬಿಟ್ಟುಬಿಡಿ. ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ, ಬೇಯಿಸಿ, ಅಡ್ಡಲಾಗಿ ಕತ್ತರಿಸಿದರೆ ಕತ್ತರಿಸಿದ ಮುಖದಲ್ಲಿ ಗೆರೆ ಗೆರೆ ಕಾಣುತ್ತದೆ. ಹಾಗೆಯೇ ಇದು. ಒಂದು ಹಾಳೆ ಬರೀ ಸಿಲಿಕೋನ್ ರಬ್ಬರ್, ಇನ್ನೊಂದು ಹಾಳೆ ಇಂಗಾಲದ ಮಸಿ ಬೆರೆಸಿದ ಸಿಲಿಕೋನ್ ರಬ್ಬರ್. ಪೇರಿಸಿ, ಬಿಸಿಯಲ್ಲಿ ಗಟ್ಟಿ ಮಾಡಿ, ತೆಳ್ಳಗೆ ಕೊಯ್ಯುತ್ತಾರೆ. ಸಿಲಿಕೋನ್ ಎಂದರೆ ಕೇಕಿನ ಮೆತ್ತನೆಯ ಅಚ್ಚು, ದೋಸೆ ಕಾವಲಿಗೆ ಎಣ್ಣೆ ಸವರುವ ಬ್ರಷ್ಷು ಇವೆಯಲ್ಲ, ಅದೇ ಕುಲದ್ದು. ಬಿಸಿಗೆ ಕರಗುವುದಿಲ್ಲ, ವಿದ್ಯುತ್ ಹರಿಸುವುದಿಲ್ಲ. ಇಂಗಾಲದ ಮಸಿಯೂ ನಮಗೆ ಹೊಸದಲ್ಲ. ಹಿಂದೆ ಮನೆಯಲ್ಲಿ ಮಗುವಿಗೆ ಕಾಡಿಗೆ ಮಾಡುವಾಗ ದೀಪದ ಮೇಲೆ ತಟ್ಟೆ ಕವುಚಿ ಹಿಡಿಯುತ್ತಿದ್ದೆವು, ಅದಕ್ಕೆ ಹಿಡಿಯುತ್ತಿದ್ದ ಕರಿಯ ಬಂಧು ಇದು. ಮಸಿ ಇರುವ ಪದರ ವಿದ್ಯುತ್ ಹರಿಸುತ್ತದೆ, ಇಲ್ಲದ ಪದರ ತಡೆಯುತ್ತದೆ. ಆದ್ದರಿಂದ ವಿದ್ಯುತ್ತು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ಪಕ್ಕದ ಮನೆಗೆ ಹೋಗುವುದಿಲ್ಲ.

ಒಂದು ಮಿಲಿಮೀಟರಿನಲ್ಲಿ ಸುಮಾರು ಐದು ಜೋಡಿ ಗೆರೆಗಳು ಹಿಡಿಸುತ್ತವೆ. ಗಾಜಿನ ಅಂಚಿನಲ್ಲಿರುವ ಒಂದೊಂದು ಬಿಂದುವಿಗೂ ಎರಡು ಮೂರು ಕಪ್ಪು ಗೆರೆಗಳು ತಾಗುತ್ತವೆ. ಹಾಗಾಗಿ ಪಟ್ಟಿಯನ್ನು ಕೂದಲೆಳೆಯ ಲೆಕ್ಕದಲ್ಲಿ ಎಡಕ್ಕೋ ಬಲಕ್ಕೋ ಸರಿಸುವ ತಾಪತ್ರಯ ಇಲ್ಲ. ಗಾಜೂ ಬೋರ್ಡೂ ಒಂದಕ್ಕೊಂದು ನೇರವಾಗಿ ಕೂತಿದ್ದರೆ ಸಾಕು, ನಡುವಿನ ಪಟ್ಟಿ ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ. ಇದನ್ನು ಯೋಚಿಸಿದ ಪುಣ್ಯಾತ್ಮ ಯಾರೋ, ಜೋಡಿಸುವವರ ಕಷ್ಟ ಅವನಿಗೆ ಗೊತ್ತಿತ್ತು.

ಮಸಿ ಬೆರೆಸಿದ ರಬ್ಬರಿನಲ್ಲಿ ತಾಮ್ರದ ತಂತಿಯಲ್ಲಿ ಹರಿದಷ್ಟು ಸಲೀಸಾಗಿ ವಿದ್ಯುತ್ ಹರಿಯುವುದಿಲ್ಲ. ಇದನ್ನು ಮಿಕ್ಸರಿಗೆ ಹಾಕಿದರೆ ಬ್ಲೇಡು ಅಲುಗಾಡುವುದೂ ಇಲ್ಲ. ಎಲ್‌ಸಿಡಿ ಗಾಜಿಗೆ ಬೇಕಾಗುವ ವಿದ್ಯುತ್ತು ಎಷ್ಟು ಕಡಿಮೆ ಎಂದರೆ ಅದಕ್ಕೆ ಇಷ್ಟೇ ಸಾಕು. ಗುಂಡಿಯಂಥ ಒಂದು ಬ್ಯಾಟರಿ ಹಾಕಿದರೆ ಗಡಿಯಾರ ವರ್ಷಗಟ್ಟಲೆ ನಡೆಯುವುದು ಅದರಿಂದಲೇ. ಆ ಗಾಜು ತಾನಾಗಿ ಬೆಳಗುವುದಿಲ್ಲ, ಬೆಳಕನ್ನು ಬಿಡುತ್ತದೆ ಅಥವಾ ತಡೆಯುತ್ತದೆ. ಕಿಟಕಿಯ ಪರದೆ ಎಳೆದು ಬಿಡುವ ಹಾಗೆ.

ಗಾಜಿನೊಳಗೆ ಇರುವುದು ದ್ರವ ಹರಳು. ಪ್ರಾಗ್ ನಗರದಲ್ಲಿದ್ದ ಫ್ರೀಡ್ರಿಖ್ ರೈನಿಟ್ಝರ್ ಎಂಬ ಸಸ್ಯವಿಜ್ಞಾನಿ 1888ರಲ್ಲಿ ಇದನ್ನು ಮೊದಲು ಗಮನಿಸಿದ. ನಮ್ಮ ಕಡೆಗೆ ಬಂದರೆ, ಮೈಸೂರಿಗೂ ಬೆಂಗಳೂರಿಗೂ ಈ ವಿಷಯದಲ್ಲಿ ದೊಡ್ಡ ಹೆಸರಿದೆ. ಇದು ನಮ್ಮಲ್ಲಿ ಬಹಳ ಜನರಿಗೆ ತಿಳಿದಿಲ್ಲ. ಪ್ರೊಫೆಸರ್ ಎಸ್. ಚಂದ್ರಶೇಖರ್ 1961ರಿಂದ ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಪ್ರಾಧ್ಯಾಪಕರಾಗಿದ್ದರು, 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋಗಿ ದ್ರವ ಹರಳಿನ ಪ್ರಯೋಗಶಾಲೆ ಕಟ್ಟಿದರು. ಸರ್ ಸಿ. ವಿ. ರಾಮನ್ ಅವರ ಸಂಬಂಧಿ. 1977ರಲ್ಲಿ ಅವರೂ ಅವರ ಸಹೋದ್ಯೋಗಿಗಳಾದ ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರೂ ತಟ್ಟೆಯಾಕಾರದ ಅಣುಗಳಿಂದಲೂ ದ್ರವ ಹರಳು ಆಗುತ್ತದೆ ಎಂದು ತೋರಿಸಿದರು. ಅಲ್ಲಿಯವರೆಗೆ ಕಡ್ಡಿಯಾಕಾರದ ಅಣುಗಳಷ್ಟೇ ಎಂದುಕೊಂಡಿದ್ದರು. ನಿಮ್ಮ ಥರ್ಮಾಮೀಟರಿನಲ್ಲಿ ಇರುವುದು ಕಡ್ಡಿಯಾಕಾರದ್ದೇ, ತಟ್ಟೆಯಾಕಾರದ್ದಲ್ಲ. ಹಾಗಾಗಿ ಪ್ರತಿ ಥರ್ಮಾಮೀಟರೂ ನಮ್ಮದೇ ಎಂದು ಹೇಳಿಕೊಳ್ಳುವ ಹಾಗಿಲ್ಲ. ಆದರೂ ಆ ವಿಜ್ಞಾನದ ಮನೆಯಲ್ಲಿ ನಮ್ಮವರಿಗೆ ಒಂದು ಕೋಣೆ ಇದೆ ಎನ್ನುವುದು ಸಂತೋಷದ ಮಾತು.

ಇಷ್ಟು ಪೀಠಿಕೆ. ಈಗ ನಾನು ನಿಜವಾಗಿ ಹೇಳಬೇಕೆಂದು ಬಂದ ಮಾತಿಗೆ ಬರುತ್ತೇನೆ. ದಯವಿಟ್ಟು ಇದನ್ನು ಮಾತ್ರ ಗಮನವಿಟ್ಟು ಕೇಳಿ, ಉಳಿದದ್ದು ಮರೆತರೂ ಪರವಾಗಿಲ್ಲ.

ಪರದೆಯ ಮೇಲೆ ಮೂಡುವ ಒಂದೊಂದು ಅಂಕೆಯೂ ಏಳು ಗೆರೆಗಳಿಂದ ಆಗಿದೆ. ಮೇಲೆ ಒಂದು, ನಡುವೆ ಒಂದು, ಕೆಳಗೆ ಒಂದು, ಎಡಗಡೆ ಎರಡು, ಬಲಗಡೆ ಎರಡು. ಏಳೂ ಮೂಡಿದರೆ ಎಂಟು. ನಡುವಿನ ಗೆರೆ ಇಲ್ಲದಿದ್ದರೆ ಸೊನ್ನೆ. ಈಗ ಯೋಚನೆ ಮಾಡಿ. ರಬ್ಬರ್ ಪಟ್ಟಿ ಒಂದು ಕಡೆ ಸರಿಯಾಗಿ ತಾಗದೆ ನಡುವಿನ ಆ ಒಂದು ಗೆರೆ ಮೂಡದೇ ಹೋದರೆ ಎಂಟು ಸೊನ್ನೆಯಾಗಿ ಕಾಣುತ್ತದೆ. ಅದು ಮುರಿದ ಎಂಟಿನ ಹಾಗೆ ಕಾಣುವುದಿಲ್ಲ. ಒಳ್ಳೆ ಮರ್ಯಾದಸ್ಥ ಸೊನ್ನೆಯ ಹಾಗೆ ಕಾಣುತ್ತದೆ. ಸಕ್ಕರೆ 186 ಇದ್ದದ್ದು 106 ಎಂದು ಕಾಣುತ್ತದೆ. 280 ಇದ್ದದ್ದು 200. ಏಳರ ತಲೆಯ ಗೆರೆ ಹೋದರೆ ಅದು ಒಂದಾಗುತ್ತದೆ. ಬಿಪಿ 170 ಇದ್ದವರಿಗೆ ಮೆಷಿನ್ 110 ಎಂದು ತೋರಿಸುತ್ತದೆ. ಎಂಟರ ಬಲಗಡೆಯ ಮೇಲಿನ ಗೆರೆ ಹೋದರೆ ಆರು. ಸಕ್ಕರೆ 80 ಇದ್ದು ಚೆನ್ನಾಗಿಯೇ ಇರುವ ಅತ್ತೆಯವರಿಗೆ 60 ಎಂದು ಕಂಡು, ಗಾಬರಿಯಲ್ಲಿ ನಾವು ಗ್ಲುಕೋಸ್ ಕುಡಿಸುತ್ತೇವೆ.

ಮೆಷಿನ್ ತಪ್ಪು ಮಾಡಿಲ್ಲ. ಒಳಗೆ ಲೆಕ್ಕ ಸರಿಯಾಗಿಯೇ ಬಂದಿದೆ. ತೋರಿಸುವ ಬಾಯಿ ಮಾತ್ರ ಒಂದು ಅಕ್ಷರ ನುಂಗಿದೆ.

ನಮ್ಮ ಕಟ್ಟಡದಲ್ಲೇ ಒಬ್ಬರ ಮನೆಯಲ್ಲಿ ಹೀಗಾಗಿತ್ತು. ಹಿರಿಯರು, ಹತ್ತು ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಒಂದು ತಿಂಗಳು ಬೆಳಿಗ್ಗೆ ನೋಡಿದಾಗೆಲ್ಲ ನೂರು, ನೂರ ಆರು, ನೂರ ಮೂರು. ಪಥ್ಯ ಫಲ ಕೊಟ್ಟಿತು ಎಂದು ಮನೆಯವರೆಲ್ಲ ಖುಷಿ. ಅವರಿಗೆ ಮಾತ್ರ ಬಾಯಾರಿಕೆ, ಸುಸ್ತು, ರಾತ್ರಿ ನಾಲ್ಕು ಸಲ ಏಳುವುದು. ಮಗಳು ಡೊಂಬಿವಲಿಯಿಂದ ಬಂದವಳು ಮೆಷಿನ್ ಹಾಕುವಾಗ ಪಕ್ಕದಲ್ಲಿ ಕೂತಿದ್ದಳು. ಹಾಕಿದ ಕೂಡಲೆ ಪರದೆಯ ಮೇಲೆ ಎಲ್ಲವೂ ಒಂದು ಕ್ಷಣ ಮೂಡುತ್ತದಲ್ಲ, 888 ಎಂದು? ಅದು 808 ಎಂದು ಮೂಡಿತು. “ಅಮ್ಮ, ಇದರ ನಡುವಿನ ಎಂಟಿಗೆ ಹೊಟ್ಟೆಯ ಗೆರೆ ಎಲ್ಲಿ?” ಎಂದು ಕೇಳಿದಳಂತೆ. ಆ ದಿನವೇ ಲ್ಯಾಬಿನಲ್ಲಿ ರಕ್ತ ಕೊಟ್ಟರು. ನೂರ ಎಂಬತ್ತರ ಮೇಲಿತ್ತು. ಅವಳು ಎಂಜಿನಿಯರ್ ಅಲ್ಲ, ಬ್ಯಾಂಕಿನಲ್ಲಿ ಕೆಲಸ. ಕಣ್ಣು ಸರಿಯಾದ ಕ್ಷಣಕ್ಕೆ ಸರಿಯಾದ ಜಾಗದಲ್ಲಿತ್ತು, ಅಷ್ಟೆ.

ಆ 888 ಇರುವುದು ಅದಕ್ಕೇ. ಶುರು ಮಾಡಿದ ಕೂಡಲೆ ಗ್ಲುಕೋಮೀಟರು, ಬಿಪಿ ಮೆಷಿನ್, ಥರ್ಮಾಮೀಟರು, ಹೆಚ್ಚಿನವೆಲ್ಲ ಒಂದೆರಡು ಸೆಕೆಂಡು ಎಲ್ಲ ಗೆರೆಗಳನ್ನೂ ಒಟ್ಟಿಗೆ ಮೂಡಿಸುತ್ತವೆ. ಥರ್ಮಾಮೀಟರಿನಲ್ಲಿ 188.8 ಎಂದು ಬರುವುದನ್ನು ನೋಡಿರುತ್ತೀರಿ. ಇಷ್ಟು ಜ್ವರ ಯಾರಿಗಪ್ಪಾ ಎಂದು ಮಕ್ಕಳು ನಗುತ್ತಾರೆ. ನಾವು ಅದನ್ನು ಮೆಷಿನ್ ಎಚ್ಚರವಾಗುವ ಆಟ ಎಂದುಕೊಳ್ಳುತ್ತೇವೆ, ಆ ಹೊತ್ತಿನಲ್ಲಿ ಹತ್ತಿ ಹುಡುಕುತ್ತೇವೆ, ಸೂಜಿ ಸರಿ ಮಾಡುತ್ತೇವೆ. ಅದು ಆಟವಲ್ಲ, ಅದು ನಮಗೆ ತೋರಿಸುವ ಹಾಜರಿ. ಎಲ್ಲ ಗೆರೆಗಳೂ ಬಂದಿವೆಯೇ ನೋಡಿಕೋ ಎಂದು ಮೆಷಿನ್ ಕೇಳುತ್ತಿದೆ. ಒಂದೇ ಒಂದು ಗೆರೆ ಕಡಿಮೆ ಇದ್ದರೂ ಆ ಮೆಷಿನ್ ಬಳಸಬೇಡಿ ಎಂದು ಅದರ ಜೊತೆ ಬರುವ ಚಿಕ್ಕ ಪುಸ್ತಕದಲ್ಲಿ ಬರೆದಿರುತ್ತಾರೆ. ಇರುವೆ ಸಾಲಿನಂಥ ಅಕ್ಷರ, ಯಾರು ಓದುತ್ತಾರೆ?

ಸರಿಯಾದ ಚಿತ್ರ ಕೊಡಬೇಕಾದರೆ ಇನ್ನೂ ಒಂದು ಮಾತು ಹೇಳಬೇಕು. ಬಹಳ ಪರದೆಗಳಲ್ಲಿ ಒಂದೇ ದಾರಿ ಎರಡು ಮೂರು ಗೆರೆಗಳಿಗೆ ಸುದ್ದಿ ಒಯ್ಯುತ್ತದೆ. ಅಂಥ ಕಡೆ ಪಟ್ಟಿ ಸಡಿಲವಾದರೆ ಎರಡು ಮೂರು ಕಡೆ ಒಟ್ಟಿಗೆ ತುಂಡಾಗಿ, ಅಂಕೆ ಅಂಕೆಯಂತೆಯೇ ಕಾಣುವುದಿಲ್ಲ. ಅದು ಒಳ್ಳೆಯದು, ಕೆಟ್ಟಿದೆ ಎಂದು ಯಾರಿಗೂ ಗೊತ್ತಾಗುತ್ತದೆ. ಹೆದರಬೇಕಾದದ್ದು ಒಂದೇ ಗೆರೆ ಹೋಗುವ ಜಾತಿಗೆ.

ಪಟ್ಟಿ ಯಾಕೆ ಸಡಿಲವಾಗುತ್ತದೆ? ಕುಕ್ಕರಿನ ಗ್ಯಾಸ್ಕೆಟ್ ನಿಮಗೆ ಗೊತ್ತು. ಹೊಸದರಲ್ಲಿ ಒತ್ತಿದರೆ ಪುಟಿಯುತ್ತದೆ, ವರ್ಷ ಕಳೆದ ಮೇಲೆ ಅಮುಕಿದ್ದು ಅಮುಕಿದ ಹಾಗೆಯೇ ಉಳಿಯುತ್ತದೆ. ಇಲ್ಲೂ ಅದೇ. ರಬ್ಬರನ್ನು ಅದರ ಎತ್ತರದ ಸುಮಾರು ಹತ್ತನೇ ಒಂದು ಪಾಲು ಅಮುಕಿ ಕೂರಿಸಿರುತ್ತಾರೆ. ಕಡಿಮೆ ಅಮುಕಿದರೆ ತಾಗುವುದಿಲ್ಲ, ಹೆಚ್ಚು ಅಮುಕಿದರೆ ಪಟ್ಟಿ ಬಾಗಿ ಪಕ್ಕದ ಗೆರೆಗೆ ತಾಗುತ್ತದೆ. ಮೆಷಿನ್ ಕೈಜಾರಿ ಬಿದ್ದರೆ ಸ್ಕ್ರೂ ಅಥವಾ ಚೌಕಟ್ಟಿನ ಕೊಕ್ಕೆ ಸಡಿಲವಾಗುತ್ತದೆ. ಜೊತೆಗೆ ನಮ್ಮ ಮುಂಬಯಿಯ ಮಳೆಗಾಲ. ಜುಲೈ ತಿಂಗಳಲ್ಲಿ ಉಪ್ಪಿನ ಡಬ್ಬಿ ನೀರು ಬಿಡುವ ಹವೆಯಲ್ಲಿ ಬೋರ್ಡಿನ ಮೇಲೂ ತೇವದ ಪೊರೆ ಕೂರುತ್ತದೆ. ಒಳ್ಳೆಯ ಮೆಷಿನ್ನುಗಳಲ್ಲಿ ರಬ್ಬರ್ ತಾಗುವ ಜಾಗಕ್ಕೆ ಚಿನ್ನದ ಲೇಪ ಕೊಟ್ಟಿರುತ್ತಾರೆ, ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ. ಬೇಡ, ಬೇಡ, ಯಾರೂ ಮನೆಗೆ ಹೋಗಿ ಕೆರೆಯಬೇಡಿ. ಮೂಗುತಿಯ ಹರಳಿನಷ್ಟೂ ಸಿಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ರೋಗ ಗುರುತಿಸಿ. ಎಲ್ಲ ಅಂಕೆಗಳೂ ಮಸುಕಾಗಿದ್ದರೆ ಬ್ಯಾಟರಿ. ಶಾಯಿ ಚೆಲ್ಲಿದ ಹಾಗೆ ಕಪ್ಪು ಕಲೆ ಹರಡಿದ್ದರೆ ಗಾಜು ಒಡೆದಿದೆ, ಅದಕ್ಕೆ ಮದ್ದಿಲ್ಲ. ಒಂದೋ ಎರಡೋ ಗೆರೆ ಮಾತ್ರ ಇಲ್ಲ, ಪರದೆಯ ಚೌಕಟ್ಟನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ ಎಂದಾದರೆ ನಮ್ಮ ಪಟ್ಟಿಯದೇ ತೊಂದರೆ.

ಗ್ಲುಕೋಮೀಟರ್, ಬಿಪಿ ಮೆಷಿನ್, ಥರ್ಮಾಮೀಟರ್ ಆದರೆ ಬಿಚ್ಚಬೇಡಿ. ಇದು ನನ್ನ ಖಡಾಖಂಡಿತ ಅಭಿಪ್ರಾಯ. ಒತ್ತಿದಾಗ ಸರಿಯಾಯಿತಲ್ಲ ಎಂದು ಒತ್ತಿಕೊಂಡೇ ನೋಡಬೇಡಿ. ವಾರಂಟಿ ಇದ್ದರೆ ಬದಲಾಯಿಸಿಕೊಳ್ಳಿ, ಇಲ್ಲದಿದ್ದರೆ ಹೊಸದು ತನ್ನಿ. ಡಾಕ್ಟರರ ಹತ್ತಿರ ಹೋಗುವಾಗ ಹಳೆಯ ಮೆಷಿನ್ನಿನ ಲೆಕ್ಕದ ಪುಸ್ತಕ ತೋರಿಸಿ, ಇದರಲ್ಲಿ ಇಂಥ ಗೆರೆ ಹೋಗಿತ್ತು ಎಂದು ಹೇಳಿ. ಅವರು ಆ ಅಂಕೆ ನಂಬಿ ಮಾತ್ರೆ ಕಡಿಮೆ ಮಾಡಿರಬಹುದು.

ಕ್ಯಾಲ್ಕುಲೇಟರ್, ಗಡಿಯಾರ, ಅಡುಗೆಮನೆಯ ತೂಕದ ಯಂತ್ರ ಇವನ್ನು ಬಿಚ್ಚಬಹುದು. ಗೋಡೆಯ ಪ್ಲಗ್ಗಿಗೆ ಹಾಕುವ ಯಾವುದನ್ನೂ ಮಾತ್ರ ಬಿಚ್ಚಬೇಡಿ. ಬ್ಯಾಟರಿ ತೆಗೆದಿಡಿ. ಸ್ಕ್ರೂಗಳನ್ನು ಒಂದು ಬಟ್ಟಲಿಗೆ ಹಾಕಿ. ಪಟ್ಟಿಯನ್ನು ಬೆರಳಿನಿಂದ ಹಿಡಿಯಬೇಡಿ, ಈಗಷ್ಟೇ ಒಗ್ಗರಣೆ ಹಾಕಿ ಬಂದ ಬೆರಳು ಎಷ್ಟು ತೊಳೆದರೂ ಎಣ್ಣೆ ಎಣ್ಣೆಯೇ. ಪ್ಲಾಸ್ಟಿಕ್ಕಿನ ಚಿಮಟದಲ್ಲಿ ಎತ್ತಿ. ಐಸೋಪ್ರೊಪೈಲ್ ಆಲ್ಕೋಹಾಲ್ ಎಂದು ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಹಳೆಯ ಹತ್ತಿ ಸೀರೆಯ ನಯವಾದ ತುಂಡಿಗೆ ಒಂದು ಹನಿ ಹಾಕಿ, ಪಟ್ಟಿಯ ಎರಡು ಅಂಚು, ಬೋರ್ಡಿನ ಬಿಂದುಗಳು, ಗಾಜಿನ ಅಂಚು ಇಷ್ಟನ್ನು ಒರೆಸಿ. ಗಾಜಿನ ಮುಖವನ್ನು ಒರೆಸಬೇಡಿ, ಅದರ ಮೇಲಿನ ಹಾಳೆ ಹಾಳಾಗುತ್ತದೆ. ಉಗುರಿನ ಬಣ್ಣ ತೆಗೆಯುವ ದ್ರವ ಬೇಡವೇ ಬೇಡ, ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರೂ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಪೂರಾ ಒಣಗಿದ ಮೇಲೆ ಕೂರಿಸಿ, ಸ್ಕ್ರೂಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಯಿರಿ. ಒಂದು ಕಡೆಯದ್ದನ್ನೇ ಪೂರಾ ಬಿಗಿದರೆ ಗಾಜು ಚಟ್ ಎನ್ನುತ್ತದೆ.

ಟಿವಿ ರಿಮೋಟಿನ ಬಗ್ಗೆ ಬರುವಾಗಲೇ ಒಬ್ಬ ಅಕ್ಕ ಬಾಗಿಲಲ್ಲಿ ಕೇಳಿದರು. ಅದು ಈ ಪಟ್ಟಿಯ ದಾಯಾದಿ. ರಿಮೋಟಿನೊಳಗೆ ಒಂದೇ ರಬ್ಬರ್ ಹಾಳೆ ಇದೆ. ಪ್ರತಿ ಗುಂಡಿಯ ಅಡಿಯಲ್ಲೂ ಬಿಂದಿಯಷ್ಟು ಗಾತ್ರದ ಒಂದು ಕಪ್ಪು ಚುಕ್ಕಿ ಅಂಟಿರುತ್ತದೆ. ಅದೂ ಮಸಿ ಬೆರೆಸಿದ ರಬ್ಬರೇ. ಗುಂಡಿ ಒತ್ತಿದಾಗ ಬಿಂದಿ ಬೋರ್ಡಿನ ಎರಡು ಗೆರೆಗಳನ್ನು ಸೇರಿಸುತ್ತದೆ. ವರ್ಷ ಕಳೆದಂತೆ ರಬ್ಬರಿನಿಂದಲೇ ಎಣ್ಣೆಯಂಥದ್ದು ಒಸರುತ್ತದೆ, ಮೇಲಿನಿಂದ ಚಹಾ, ಚಕ್ಕುಲಿ ಪುಡಿ. ಆಮೇಲೆ ಧಾರಾವಾಹಿಯ ಹೊತ್ತಿಗೆ ಸರಿಯಾಗಿ ರಿಮೋಟನ್ನು ಕೈಗೆ ಬಡಿಯುತ್ತೇವೆ. ಬಡಿಯುವ ಬದಲು ಮೊಬೈಲಿನ ಕ್ಯಾಮೆರಾ ಆನ್ ಮಾಡಿ ರಿಮೋಟಿನ ಮೂತಿ ಅದಕ್ಕೆ ತೋರಿಸಿ, ಗುಂಡಿ ಒತ್ತಿ. ಹೆಚ್ಚಿನ ಫೋನುಗಳಲ್ಲಿ ನೇರಳೆ ಬೆಳಕು ಮಿನುಗುವುದು ಕಾಣುತ್ತದೆ. ಕೆಲವು ಗುಂಡಿಗೆ ಮಿನುಗಿ ಕೆಲವಕ್ಕೆ ಮಿನುಗದಿದ್ದರೆ ಬಿಂದಿ ಒರೆಸುವ ಸಮಯ ಬಂದಿದೆ.

ನಿಮ್ಮ ಕೈಯಲ್ಲಿರುವ ಮೊಬೈಲಿನಲ್ಲಿ ಈ ಪಟ್ಟಿ ಇಲ್ಲ. ಅಲ್ಲಿ ಗೆರೆಗಳು ಇನ್ನೂ ಸಣ್ಣವು, ಜಾಗವೂ ಇಲ್ಲ. ವಿದ್ಯುತ್ ಹರಿಸುವ ಅತಿ ಸಣ್ಣ ಕಣಗಳನ್ನು ಬೆರೆಸಿದ ಅಂಟಿನ ಹಾಳೆಯನ್ನು ಬಿಸಿ ಮಾಡಿ ಒತ್ತುತ್ತಾರೆ. ಮೇಲಕ್ಕೆ ಹೋಗು, ಪಕ್ಕಕ್ಕೆ ಹೋಗಬೇಡ ಎನ್ನುವ ಉಪಾಯ ಮಾತ್ರ ಅದೇ.

ಈಗ ಇದನ್ನು ಕೂರಿಸುವವರ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಸಂಘದ ಎಷ್ಟು ಮನೆಗಳಿಗೆ ಈ ಕೆಲಸದಿಂದ ಅಕ್ಕಿ ಬಂದಿದೆ ಎಂಬುದು ನನಗೆ ಗೊತ್ತು. 1973ರಲ್ಲಿ ಅಂಧೇರಿಯಲ್ಲಿ ಸೀಪ್ಝ್ ಶುರುವಾಯಿತು, ರಫ್ತಿಗೆಂದೇ ಎಲೆಕ್ಟ್ರಾನಿಕ್ ಸಾಮಾನು ಮಾಡುವ ವಲಯ. ಅದೇ ವರ್ಷ ಜಪಾನಿನಲ್ಲಿ ಶಾರ್ಪ್ ಕಂಪನಿ ದ್ರವ ಹರಳಿನ ಪರದೆಯ ಕ್ಯಾಲ್ಕುಲೇಟರನ್ನು ಮಾರುಕಟ್ಟೆಗೆ ಬಿಟ್ಟಿತ್ತು. ಸೀಪ್ಝಿನ ಜೋಡಣೆಯ ಮೇಜುಗಳಲ್ಲಿ ಕೂತವರಲ್ಲಿ ಹೆಂಗಸರೇ ಹೆಚ್ಚು. ಇತ್ತ ಠಾಣೆ ಖಾಡಿಯ ಈಚೆ ದಡದಲ್ಲಿ, ಠಾಣೆ ಬೇಲಾಪುರ ರಸ್ತೆಯ ಉದ್ದಕ್ಕೂ ಎಂಐಡಿಸಿಯ ಕಾರ್ಖಾನೆಗಳು ಬಂದವು. ಮೊದಲು ದೊಡ್ಡ ದೊಡ್ಡ ಕೆಮಿಕಲ್ ಕಾರ್ಖಾನೆಗಳು, ಆಮೇಲೆ ಸಣ್ಣ ಘಟಕಗಳು. ತುರ್ಭೆಯ ಪಕ್ಕದ ಮಹಾಪೆಯಲ್ಲಿ ಎಲೆಕ್ಟ್ರಾನಿಕ್ ಝೋನ್ ಎಂದೇ ಒಂದು ಭಾಗ ಇದೆ.

ಅಲ್ಲಿ ಮೀಟರುಗಳನ್ನು ಜೋಡಿಸುವ ಒಂದು ಸಣ್ಣ ಘಟಕದಲ್ಲಿ ನಾನು ಹದಿನಾಲ್ಕು ವರ್ಷ ಪರದೆ ಕೂರಿಸುವ ಮೇಜಿನಲ್ಲಿದ್ದೆ. ಬೆರಳ ತುದಿಗೆ ರಬ್ಬರಿನ ಟೋಪಿ, ಕೈಯಲ್ಲಿ ಚಿಮಟ, ಕಣ್ಣ ಮುಂದೆ ದೀಪ ಇರುವ ಭೂತಗನ್ನಡಿ. ಆ ಸಾಲಿನಲ್ಲಿ ನಾವು ಒಂಬತ್ತು ಜನ, ಒಂಬತ್ತೂ ಹೆಂಗಸರು. ಕಾರ್ಕಳದವಳು ನಾನು, ಕಲಬುರಗಿಯ ಇಬ್ಬರು, ಸಾತಾರದವರು, ರತ್ನಾಗಿರಿಯವರು. ಪಟ್ಟಿ ನೆಟ್ಟಗೆ ಕೂತಿದೆಯೇ, ಧೂಳಿನ ಕಣ ಇದೆಯೇ, ನಾಲ್ಕು ಮೂಲೆಯ ಒತ್ತಡ ಒಂದೇ ಇದೆಯೇ, ಇದನ್ನೆಲ್ಲ ಬೆರಳೇ ಹೇಳುತ್ತಿತ್ತು. ಹೂ ಕಟ್ಟುವಾಗ ದಾರ ಎಷ್ಟು ಬಿಗಿಯಬೇಕು ಎಂದು ಯಾರಾದರೂ ಅಳತೆ ಕೊಡುತ್ತಾರೆಯೇ? ಹಾಗೆ. ನಮ್ಮ ನಂತರದ ಮೇಜಿನಲ್ಲಿ ಹುಡುಗರು ಸ್ವಿಚ್ ಹಾಕಿ 888 ಬರುತ್ತದೆಯೇ ಎಂದು ನೋಡುತ್ತಿದ್ದರು. ಅವರ ಗುರುತುಚೀಟಿಯಲ್ಲಿ ‘ಟೆಕ್ನಿಷಿಯನ್’ ಎಂದಿತ್ತು. ನಮ್ಮದರಲ್ಲಿ ‘ಹೆಲ್ಪರ್’. ಹದಿನಾಲ್ಕು ವರ್ಷವೂ ಹೆಲ್ಪರ್. ಸಂಬಳದ ವ್ಯತ್ಯಾಸ ಹೇಳುವ ಅಗತ್ಯ ಇಲ್ಲ, ನಿಮಗೆ ಅರ್ಥವಾಗುತ್ತದೆ. ನಾವು ಕೂರಿಸಿದ ಪಟ್ಟಿ ಸರಿ ಇಲ್ಲದಿದ್ದರೆ ಅವರಿಗೆ ನೋಡಲು ಏನೂ ಇರುತ್ತಿರಲಿಲ್ಲ.

ನಾವು ಮೇಲ್ವಿಚಾರಕರಲ್ಲಿ ಕೇಳಲೂ ಕೇಳಿದೆವು. ಇದು ಕಲಿತ ಕೆಲಸವಲ್ಲ, ಹೆಂಗಸರ ಕೈಗೆ ಹುಟ್ಟಿನಿಂದ ಬರುತ್ತದೆ ಎಂಬ ಉತ್ತರ ಸಿಕ್ಕಿತು. ನಯವಾದ ಬೆರಳು ಎಂಬ ಹೊಗಳಿಕೆ ಪ್ರಪಂಚದ ಎಲ್ಲ ಎಲೆಕ್ಟ್ರಾನಿಕ್ ಕಾರ್ಖಾನೆಗಳಲ್ಲೂ ಹೆಂಗಸರಿಗೆ ಸಿಗುವ ಹೊಗಳಿಕೆ. ಇವತ್ತು ಕೋಲಾರದ ನರಸಾಪುರದಲ್ಲಿ, ಹೊಸೂರಿನಲ್ಲಿ ಫೋನ್ ಕೆಲಸಕ್ಕೆ ಸಾಲು ಸಾಲು ಹುಡುಗಿಯರು ಹೋಗುತ್ತಿದ್ದಾರೆ. ಊರಿನಿಂದ ಯಾರಾದರೂ ಸಂಬಂಧಿಕರ ಹುಡುಗಿ ಅಂಥ ಕೆಲಸಕ್ಕೆ ಸೇರುತ್ತೇನೆ ಎಂದು ಫೋನ್ ಮಾಡಿದರೆ ನಾನು ಒಂದೇ ಮಾತು ಕೇಳುತ್ತೇನೆ: ನೇಮಕಾತಿ ಕಾಗದದಲ್ಲಿ ಹುದ್ದೆಯ ಹೆಸರು ಏನೆಂದು ಬರೆದಿದ್ದಾರೆ, ಕಂಪನಿಯ ಹೆಸರಿನಲ್ಲಿದೆಯೋ ಕಂತ್ರಾಟುದಾರನ ಹೆಸರಿನಲ್ಲಿದೆಯೋ? ಊಟ, ಹಾಸ್ಟೆಲ್ಲು, ಬಸ್ಸು ಎಲ್ಲ ಆಮೇಲೆ.

ಕೆಟ್ಟ ಸಾಮಾನು ಎಲ್ಲಿಗೆ ಹೋಗುತ್ತದೆ ಎಂಬುದನ್ನು ತುರ್ಭೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನವಿ ಮುಂಬಯಿಯ ಕಸ ಬಂದು ಬೀಳುವುದು ಇಲ್ಲಿಗೇ, ಮಳೆಗಾಲದಲ್ಲಿ ಗಾಳಿ ಈ ಕಡೆ ತಿರುಗಿದರೆ ಕಿಟಕಿ ಹಾಕುತ್ತೇವೆ. ಕಸ ಆಯುವ ಹೆಂಗಸರಿಗೆ ತಾಮ್ರ, ಅಲ್ಯೂಮಿನಿಯಂ ಸಿಕ್ಕರೆ ನಾಲ್ಕು ಕಾಸು. ಸಿಲಿಕೋನ್ ಪಟ್ಟಿಗೆ ಯಾವ ಭಂಗಾರದವನೂ ಕೈಯೊಡ್ಡುವುದಿಲ್ಲ. ಅದು ಕೊಳೆಯುವುದೂ ಇಲ್ಲ, ಕರಗುವುದೂ ಇಲ್ಲ. ಹೊಸ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ಮಾಡಿ ಮಾರಿದ ಕಂಪನಿಗಳಿಗೇ ಮರುಬಳಕೆಯ ಜವಾಬ್ದಾರಿ. ನಮ್ಮಿಂದ ಆಗುವುದು ಇಷ್ಟು: ಒದ್ದೆ ಕಸದ ಚೀಲಕ್ಕೆ ಥರ್ಮಾಮೀಟರ್, ರಿಮೋಟ್ ಹಾಕಬೇಡಿ, ಬ್ಯಾಟರಿ ಬೇರೆ ತೆಗೆದಿಡಿ. ಗುಂಡಿ ಬ್ಯಾಟರಿಯಂತೂ ಮೊಮ್ಮಕ್ಕಳ ಕೈಗೆ ಸಿಗಲೇಬಾರದು. ನುಂಗಿದರೆ ಅನ್ನನಾಳವನ್ನೇ ಸುಡುತ್ತದೆ, ಕೂಡಲೆ ಆಸ್ಪತ್ರೆಗೆ ಓಡಬೇಕು.

ಹಾಗಾದರೆ ಪಾದರಸದ ಹಳೆಯ ಥರ್ಮಾಮೀಟರೇ ಒಳ್ಳೆಯದಲ್ಲವೇ, ಅದರಲ್ಲಿ ಗೆರೆ ಹೋಗುವ ಭಯವಿಲ್ಲ ಎಂದು ಹೋದ ಸಲ ಇದೇ ಮಾತು ಹೇಳಿದಾಗ ಒಬ್ಬರು ಕೇಳಿದ್ದರು. ಒಡೆದರೆ ಪಾದರಸ ಮನೆಯೊಳಗೆ ಉರುಳುತ್ತದೆ, ಅದರ ಆವಿ ವಿಷ. 2013ರ ಮಿನಮಾಟಾ ಒಪ್ಪಂದದಲ್ಲಿ ದೇಶಗಳು ಸೇರಿ ಅದನ್ನು ಹಂತ ಹಂತವಾಗಿ ಬಿಡಲು ಒಪ್ಪಿಕೊಂಡಿದ್ದು ಅದಕ್ಕೇ. ಡಿಜಿಟಲ್ಲೇ ಇರಲಿ. ಎರಡು ಸೆಕೆಂಡು ಕಣ್ಣಿಟ್ಟು ನೋಡಿದರೆ ಸಾಕು. ವಯಸ್ಸಾದವರಿಗೆ ಕನ್ನಡಕ ಹಾಕಿಸಿ ತೋರಿಸಿ. ಒಬ್ಬರೇ ಇರುವ ಹಿರಿಯರ ಮನೆಗೆ ಹೋದಾಗ ಚಹಾ ಕುಡಿಯುವ ಮೊದಲು ಅವರ ಮೆಷಿನ್ ಒಂದು ಸಲ ಆನ್ ಮಾಡಿಬಿಡಿ.

ಆ ಡಬ್ಬಿ ಕೊನೆಯ ಸಾಲಿನಲ್ಲಿ ನಿಂತುಬಿಟ್ಟಿದೆ, ನಾಲ್ಕು ಪಟ್ಟಿಗಳೂ ವಾಪಸು ಬರಲಿ. ಊಟದ ನಂತರ ಬಾಗಿಲ ಪಕ್ಕದ ಮೇಜಿನಲ್ಲಿ ಕೂತಿರುತ್ತೇನೆ. ಚಿಮಟ, ಆಲ್ಕೋಹಾಲ್, ಸಣ್ಣ ಸ್ಕ್ರೂಡ್ರೈವರ್ ತಂದಿದ್ದೇನೆ. ರಿಮೋಟು, ಕ್ಯಾಲ್ಕುಲೇಟರ್ ತಂದವರು ಕೊಡಿ, ಒಟ್ಟಿಗೆ ಬಿಚ್ಚೋಣ. ಗ್ಲುಕೋಮೀಟರ್ ಪರ್ಸಿನಲ್ಲಿ ಇಟ್ಟುಕೊಂಡು ಬಂದವರು ಈಗಲೇ, ಕೂತಲ್ಲೇ, ಆನ್ ಮಾಡಿ 888 ನೋಡಿ. ಗೆರೆ ಕಡಿಮೆ ಇದ್ದವರು ಕೈ ಎತ್ತಿ.